ಕಣ ಬಿಡದ ಅಳಿಯ ರಾಮರಾಯ, ಊರು ಬಿಡದ ವಿಜಯನಗರ

ಕೃಷ್ಣೆ ಮತ್ತು ಭೀಮೆಗೆ ಮಹಾಪೂರ ಬಂದಾಗಲೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ನದಿದಂಡೆಯ ಊರುಗಳಲ್ಲಿ ಒಂದೇ ಬಗೆಯ ದೃಶ್ಯ ಮರುಕಳಿಸುತ್ತದೆ. ಡಂಗುರ ಸಾರಿಯಾಗಿರುತ್ತದೆ, ಗಂಜಿ ಕೇಂದ್ರ ತೆರೆದಿರುತ್ತದೆ, ದೋಣಿಯೂ ಬಂದು ನಿಂತಿರುತ್ತದೆ. ಆದರೂ ಕೆಲವರು ಹೊರಡುವುದಿಲ್ಲ. ದನಕರುಗಳನ್ನು ಬಿಟ್ಟು ಹೇಗೆ ಬರುವುದೆಂದು ಒಬ್ಬರು, ಇದಕ್ಕಿಂತ ದೊಡ್ಡ ಪ್ರವಾಹವನ್ನು ಕಂಡಿದ್ದೇನೆಂದು ಇನ್ನೊಬ್ಬರು ಮನೆಯ ಮಾಳಿಗೆ ಏರಿ ಕೂರುತ್ತಾರೆ. ಅಧಿಕಾರಿಗಳು ಇದನ್ನು ಹಟವೆನ್ನುತ್ತಾರೆ, ಪಟ್ಟಣದವರು ಅಜ್ಞಾನವೆನ್ನುತ್ತಾರೆ.

ಆದರೆ ಇದೇ ಕೃಷ್ಣೆಯ ದಂಡೆಯಲ್ಲಿ ಕ್ರಿ.ಶ. 1565ರ ಜನವರಿಯಲ್ಲಿ ಹೊರಡಲು ಒಪ್ಪದೆ ನಿಂತವನು ಅಜ್ಞಾನಿಯಾಗಿರಲಿಲ್ಲ. ದಕ್ಷಿಣ ಭಾರತದಲ್ಲಿ ಆ ಹೊತ್ತು ಅವನಷ್ಟು ಬಲಾಢ್ಯನಾದ ಮನುಷ್ಯ ಇನ್ನೊಬ್ಬನಿರಲಿಲ್ಲ. ಅವನ ಬೆನ್ನ ಹಿಂದೆ, ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಒಂದು ಮಹಾನಗರವೂ ಹೊರಡದೆ ಉಳಿಯಿತು. ಆ ಮನುಷ್ಯ ಅಳಿಯ ರಾಮರಾಯ. ಆ ನಗರ ವಿಜಯನಗರ.

ರಾಮರಾಯ ಹುಟ್ಟಿದ್ದು ಅರವೀಡು ಮನೆತನದಲ್ಲಿ, ಶ್ರೀರಂಗರಾಜನ ಮಗನಾಗಿ. ತಿರುಮಲ ಮತ್ತು ವೆಂಕಟಾದ್ರಿ ಅವನ ತಮ್ಮಂದಿರು. ಪಾಠಪುಸ್ತಕಗಳು ಆತನನ್ನು ನೇರವಾಗಿ ಶ್ರೀಕೃಷ್ಣದೇವರಾಯನ ಅಳಿಯನೆಂದೇ ಪರಿಚಯಿಸುತ್ತವೆ. ಆದರೆ ಆತನ ವೃತ್ತಿಜೀವನ ಆರಂಭವಾದದ್ದು ವಿಜಯನಗರದಲ್ಲಿ ಅಲ್ಲ. ಗೋಲ್ಕೊಂಡದ ಒಂದು ಪರ್ಷಿಯನ್ ವೃತ್ತಾಂತದ ಪ್ರಕಾರ ತರುಣ ರಾಮರಾಯ ಮೊದಲು ಸೇವೆಗೆ ಸೇರಿದ್ದು ಕುತುಬಶಾಹಿ ಸುಲ್ತಾನನ ಬಳಿ. ಆತನ ವಶಕ್ಕೆ ಒಂದಿಷ್ಟು ಪ್ರದೇಶವನ್ನು ಒಪ್ಪಿಸಲಾಗಿತ್ತು. 1515ರ ಸುಮಾರಿಗೆ ಬಿಜಾಪುರದ ಆದಿಲಶಾಹಿ ಪಡೆ ಆ ಪ್ರದೇಶದ ಮೇಲೆ ಎರಗಿದಾಗ ರಾಮರಾಯ ಅಲ್ಲಿ ನಿಲ್ಲಲಿಲ್ಲ. ಜೀವ ಉಳಿಸಿಕೊಂಡು ಗೋಲ್ಕೊಂಡಕ್ಕೆ ಮರಳಿದ. ಸುಲ್ತಾನ ಅದನ್ನು ಹೇಡಿತನವೆಂದು ಬಗೆದು ಆತನನ್ನು ಸೇವೆಯಿಂದ ಹೊರಹಾಕಿದ.

ಅಪಮಾನಿತನಾಗಿ ದಕ್ಷಿಣಕ್ಕೆ ಬಂದ ರಾಮರಾಯನಿಗೆ ಕೃಷ್ಣದೇವರಾಯ ಆಶ್ರಯ ನೀಡಿದ್ದಲ್ಲದೆ ಮಗಳು ತಿರುಮಲಾಂಬೆಯನ್ನು ಕೊಟ್ಟು ಮದುವೆ ಮಾಡಿದ. ಹೆಸರಿನ ಹಿಂದೆ ಅಳಿಯನೆಂಬ ಬಿರುದು ಶಾಶ್ವತವಾಗಿ ಅಂಟಿಕೊಂಡಿತು. ವೃತ್ತಾಂತ ಬರೆದವನು ಗೋಲ್ಕೊಂಡದ ಪಕ್ಷದವನು ಎಂಬುದನ್ನು ಮರೆಯುವಂತಿಲ್ಲ. ಆದರೂ ಈ ಸಂಗತಿ ನಿಜವೇ ಆಗಿದ್ದಲ್ಲಿ, ಒಮ್ಮೆ ಜಾಗ ಬಿಟ್ಟು ಬಂದದ್ದಕ್ಕೆ ತೆತ್ತ ಬೆಲೆ ಆತನ ನೆನಪಿನಿಂದ ಅಳಿದಿರಲಾರದು.

ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ. ಪಟ್ಟ ಅಚ್ಯುತರಾಯನಿಗೆ ಹೋಯಿತು. 1542ರಲ್ಲಿ ಅಚ್ಯುತನೂ ತೀರಿಕೊಂಡಾಗ ಅರಮನೆಯಲ್ಲಿ ರಕ್ತಪಾತವೇ ನಡೆಯಿತು. ಆ ಗೊಂದಲದಲ್ಲಿ ಎದುರಾಳಿ ಸಲಕರಾಜು ತಿರುಮಲನನ್ನು ಮುಗಿಸಿದ ರಾಮರಾಯ, ತುಳುವ ವಂಶದ ಸದಾಶಿವರಾಯನನ್ನು ಸಿಂಹಾಸನದ ಮೇಲೆ ಕೂರಿಸಿದ. ರಾಜ್ಯದ ಬೀಗದ ಕೈ ಮಾತ್ರ ತನ್ನ ನಡುವಿನಲ್ಲೇ ಇಟ್ಟುಕೊಂಡ. ಕ್ರಮೇಣ ಸದಾಶಿವರಾಯ ಕಾವಲಿನಲ್ಲಿ ಬಂಧಿಯಾದ. ವರ್ಷಕ್ಕೊಮ್ಮೆ ಪ್ರಜೆಗಳಿಗೆ ಮುಖ ತೋರಿಸುವುದಷ್ಟೇ ಅರಸನ ಪಾಲಿನ ಕೆಲಸವಾಯಿತು.

ಅಲ್ಲಿಂದ ಎರಡು ದಶಕ ರಾಮರಾಯನ ರಾಜಕಾರಣ ನಡೆದದ್ದು ಬಿಜಾಪುರ, ಗೋಲ್ಕೊಂಡ, ಅಹಮದನಗರ, ಬೀದರಗಳ ಜಗಳದ ನಡುವೆ. ಒಬ್ಬನ ಪರ ನಿಂತು ಇನ್ನೊಬ್ಬನನ್ನು ಮಣಿಸುವುದು, ಮರುವರ್ಷ ಪಕ್ಷ ಬದಲಿಸುವುದು ಆತನ ನೀತಿ. ಧರ್ಮ ಅದಕ್ಕೆ ಅಡ್ಡಿಯಾಗಲಿಲ್ಲ. ಆದಿಲಶಾಹಿ ಸೇವೆಯಿಂದ ಹೊರಬಿದ್ದ ಮೂರು ಸಾವಿರ ಮುಸ್ಲಿಂ ಸೈನಿಕರನ್ನು ಆತ ತನ್ನ ಪಡೆಗೆ ಸೇರಿಸಿಕೊಂಡ. ಅವರು ಸಂಕೋಚವಿಲ್ಲದೆ ವಂದಿಸಲೆಂದು ತನ್ನ ಪೀಠದ ಮುಂದೆ ಕುರಾನಿನ ಪ್ರತಿಯೊಂದನ್ನು ಇರಿಸುತ್ತಿದ್ದನೆಂದು ವೃತ್ತಾಂತಗಳು ಹೇಳುತ್ತವೆ. ಗೋಲ್ಕೊಂಡದ ರಾಜಕುಮಾರ ಇಬ್ರಾಹಿಂ ಕುತುಬಶಾಹ ಪ್ರಾಣಭಯದಿಂದ ಓಡಿಬಂದಾಗ ಏಳು ವರ್ಷ ವಿಜಯನಗರದಲ್ಲಿ ಇರಿಸಿಕೊಂಡು ಸಲಹಿದವನು ರಾಮರಾಯನೇ. ರಾಮರಾಯನ ಮಗ ಸತ್ತಾಗ ಬಿಜಾಪುರದ ಅಲಿ ಆದಿಲಶಾಹ ಸ್ವತಃ ವಿಜಯನಗರಕ್ಕೆ ಬಂದು ಸಂತೈಸಿದ. ರಾಮರಾಯನ ಪತ್ನಿ ಆತನನ್ನು ಮಗನೆಂದೇ ಕರೆದಳು. ಅಹಮದನಗರದ ಹುಸೇನ ನಿಜಾಮಶಾಹನ ಪಾಲಿಗೆ ದಕ್ಕಿದ್ದು ಬೇರೆಯದೇ ಉಪಚಾರ. ಸೋತ ಆತ ರಾಮರಾಯನ ಡೇರೆಗೆ ನಡೆದು ಬಂದು ವೀಳ್ಯ ಸ್ವೀಕರಿಸಬೇಕಾಯಿತು.

ಆಶ್ರಯ ಪಡೆದವನು, ಮಗನೆನಿಸಿದವನು, ವೀಳ್ಯ ಪಡೆದವನು ಮೂವರೂ 1564ರಲ್ಲಿ ಒಂದಾದರು. ಹುಸೇನನ ಮಗಳು ಚಾಂದಬೀಬಿಯನ್ನು ಅಲಿ ಆದಿಲಶಾಹನಿಗೆ ಕೊಟ್ಟು ಮದುವೆ ಮಾಡಲಾಯಿತು. ಎರಡು ರಾಜ್ಯಗಳ ನಡುವಿನ ನಿತ್ಯ ತಂಟೆಯಾಗಿದ್ದ ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಿಜಾಪುರಕ್ಕೆ ಸಂದಿತು. ಬೀದರವೂ ಜೊತೆಗೂಡಿತು. ಆ ಚಳಿಗಾಲದಲ್ಲಿ ಕೂಟದ ಸೇನೆ ಸೊಲ್ಲಾಪುರದ ಕಡೆಯಿಂದ ಭೀಮೆಯನ್ನು ದಾಟಿ, ಇಂದು ಇಂಡಿ, ಸಿಂದಗಿ, ಬಸವನಬಾಗೇವಾಡಿ ತಾಲ್ಲೂಕುಗಳಿರುವ ಬಯಲಿನ ಮೂಲಕ ದಕ್ಷಿಣಕ್ಕೆ ಸರಿಯಿತು. ಡಿಸೆಂಬರ್ 26ರ ಹೊತ್ತಿಗೆ ಡೋಣಿ ನದಿಯ ದಡದ ತಾಳಿಕೋಟೆಯಲ್ಲಿ ಬೀಡುಬಿಟ್ಟಿತ್ತು. ಬಹುಕಾಲ ಮುದ್ದೇಬಿಹಾಳ ತಾಲ್ಲೂಕಿನಲ್ಲಿದ್ದು ಈಗ ತಾನೇ ಒಂದು ತಾಲ್ಲೂಕು ಕೇಂದ್ರವಾಗಿರುವ ಈ ಪಟ್ಟಣ ಕೃಷ್ಣೆಯಿಂದ ಸುಮಾರು 40 ಕಿಲೋಮೀಟರ್ ಉತ್ತರಕ್ಕಿದೆ. ಯುದ್ಧಕ್ಕೆ ಅದರ ಹೆಸರು ಬಂದದ್ದು ಬೀಡಿನಿಂದಾಗಿ. ಕನ್ನಡದಲ್ಲಿ ಬಳಕೆಯಲ್ಲಿರುವ ಇನ್ನೊಂದು ಹೆಸರು ನದಿಯ ಬಳಿಯ ರಕ್ಕಸಗಿ ಮತ್ತು ತಂಗಡಗಿ ಗ್ರಾಮಗಳದು. ಕಾದಾಟ ನಡೆದ ನಿಖರ ಸ್ಥಳದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದು ಕೃಷ್ಣೆಯ ದಕ್ಷಿಣಕ್ಕೆ ನಡೆಯಿತೆನ್ನುವವರೇ ಹೆಚ್ಚು.

ತಂಗಡಗಿಗೆ ಇದಕ್ಕಿಂತ ನಾಲ್ಕು ಶತಮಾನ ಹಳೆಯದಾದ ಇನ್ನೊಂದು ಕೀರ್ತಿಯಿದೆ. ಬಸವಣ್ಣನವರ ಪತ್ನಿ ನೀಲಾಂಬಿಕೆ ಐಕ್ಯಳಾದ ಸ್ಥಳವದು. ಕಲ್ಯಾಣದ ಕ್ಷೋಭೆಯ ನಂತರ ಕೂಡಲಸಂಗಮಕ್ಕೆ ಬರುವಂತೆ ಕರೆ ಬಂದರೂ ಆಕೆ ಸಂಗಮವನ್ನು ಸೇರದೆ ಇಲ್ಲಿಯೇ ನಿಂತಳೆಂದು ಶರಣ ಪರಂಪರೆ ನಂಬುತ್ತದೆ. ಹೊರಡದೆ ಉಳಿದವರ ಕಥೆ ಈ ದಂಡೆಗೆ ಹೊಸದಲ್ಲ.

ಅಪಾಯದ ಸುದ್ದಿ ರಾಮರಾಯನಿಗೆ ತಡವಾಗಿ ತಲುಪಿತೆನ್ನುವಂತಿಲ್ಲ. ಸುಲ್ತಾನರ ರಾಯಭಾರಿಯನ್ನು ಆತ ತಿರಸ್ಕಾರದಿಂದಲೇ ಕಂಡ. ಆದರೆ ಸಿದ್ಧತೆಯಲ್ಲಿ ಕೊರತೆ ಮಾಡಲಿಲ್ಲ. ಮೊದಲು ತಿರುಮಲನನ್ನು, ಬಳಿಕ ವೆಂಕಟಾದ್ರಿಯನ್ನು ನದಿಯ ಹಾಯಗಡಗಳ ಕಾವಲಿಗೆ ಅಟ್ಟಿ, ಕೊನೆಗೆ ತಾನೇ ಹೊರಟ. ಆಗ ಆತನ ವಯಸ್ಸು ಎಂಬತ್ತೆಂದು ಕೆಲವರೂ ತೊಂಬತ್ತು ದಾಟಿತ್ತೆಂದು ಕೆಲವರೂ ಬರೆದಿದ್ದಾರೆ. ಯಾವ ಲೆಕ್ಕ ಹಿಡಿದರೂ ಮನೆಯಲ್ಲಿ ಉಳಿದು ಸೇನೆಯನ್ನು ಮಾತ್ರ ಕಳುಹಿಸಬಹುದಾಗಿದ್ದ ವಯಸ್ಸು. ಕೂಟದ ಸೇನೆ ಬೇರೆ ಹಾಯಗಡವನ್ನು ಹುಡುಕುವವರಂತೆ ಮೂರು ದಿನ ದಂಡೆಗುಂಟ ನಡೆದು, ಕಾವಲು ಪಡೆಯನ್ನು ತನ್ನ ಹಿಂದೆ ಎಳೆದುಕೊಂಡು, ಇದ್ದಕ್ಕಿದ್ದಂತೆ ಹಿಂತಿರುಗಿ ಮೊದಲಿನ ಹಾಯಗಡದಲ್ಲೇ ನದಿ ದಾಟಿತು.

1565ರ ಜನವರಿ 23ರಂದು ಎರಡೂ ಸೇನೆಗಳು ಮುಖಾಮುಖಿಯಾದವು. ಅಂದು ರಾಮರಾಯ ಕುಳಿತದ್ದು ಪಲ್ಲಕ್ಕಿಯಲ್ಲಿ. ಕುದುರೆಯನ್ನೋ ಆನೆಯನ್ನೋ ಏರುವಂತೆ ಅಧಿಕಾರಿಗಳು ಬೇಡಿಕೊಂಡರೂ ಒಪ್ಪದೆ, ಇದು ಮಕ್ಕಳಾಟವೆಂಬಂತೆ ಮಾತನಾಡಿದನೆಂದು ಇತಿಹಾಸಕಾರ ಫಿರಿಸ್ತಾ ದಾಖಲಿಸಿದ್ದಾನೆ. ಮಧ್ಯೆ ಪಲ್ಲಕ್ಕಿಯಿಂದ ಇಳಿದು ಮೇಲ್ಕಟ್ಟಿನಡಿ ಹಾಕಿಸಿದ ಪೀಠದ ಮೇಲೆ ಕುಳಿತ. ಸುತ್ತಲೂ ನಾಣ್ಯಗಳ ರಾಶಿ ಹಾಕಿಸಿ, ಮುನ್ನುಗ್ಗಿದ ಸೈನಿಕರಿಗೆ ಹಂಚಲು ಸಜ್ಜಾದ. ಮೊದಲ ಹೊಡೆತದಲ್ಲಿ ವಿಜಯನಗರದ ಕೈಯೇ ಮೇಲಾಗಿತ್ತು. ಆಗ ನಿಜಾಮಶಾಹನ ತೋಪುಗಳು ಗುಂಡಿನ ಬದಲು ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿಕೊಂಡು ಹತ್ತಿರದಿಂದ ಸಿಡಿದವು. ಸಾಲುಗಳು ಚೆದುರಿದವು. ರಾಮರಾಯ ಪುನಃ ಪಲ್ಲಕ್ಕಿ ಏರುವಷ್ಟರಲ್ಲಿ ನಿಜಾಮಶಾಹನ ಆನೆಯೊಂದು ಅತ್ತ ನುಗ್ಗಿತು. ಬೋವಿಗಳು ಹೊತ್ತದ್ದನ್ನು ಕೆಳಗೆ ಬಿಟ್ಟು ಓಡಿದರು. ಕುದುರೆ ಏರಲು ಸಮಯ ಉಳಿದಿರಲಿಲ್ಲ. ಸೆರೆಸಿಕ್ಕ ವೃದ್ಧನನ್ನು ಹುಸೇನ ನಿಜಾಮಶಾಹನ ಮುಂದೆ ಒಯ್ದು ಶಿರಚ್ಛೇದ ಮಾಡಿ, ತಲೆಯನ್ನು ಈಟಿಗೆ ಸಿಕ್ಕಿಸಿ ಎತ್ತಿ ತೋರಿಸಲಾಯಿತು. ಅದನ್ನು ಕಂಡ ಸೇನೆ ದಿಕ್ಕೆಟ್ಟು ಓಡಿತು. ತನ್ನ ಪಡೆಯ ಮುಸ್ಲಿಂ ಸರದಾರರಿಬ್ಬರ ದ್ರೋಹದಿಂದ ಆತ ಸೋತನೆಂಬ ಹೇಳಿಕೆಯೂ ಇದೆ. ಅದನ್ನು ಬರೆದವನು ಎರಡು ವರ್ಷಗಳ ನಂತರ ವಿಜಯನಗರಕ್ಕೆ ಬಂದ ವೆನಿಸಿನ ವ್ಯಾಪಾರಿ ಸಿಜರೆ ಫೆಡೆರಿಚಿ.

ಕುದುರೆ ಏರದ ಈ ನಿರ್ಧಾರವನ್ನು ಇತಿಹಾಸಕಾರರು ಬಹುಮಟ್ಟಿಗೆ ದುರಹಂಕಾರವೆಂದು ಮುಗಿಸಿಬಿಡುತ್ತಾರೆ. ಅಹಂಕಾರ ಇದ್ದದ್ದು ನಿಜ. ಆದರೆ ಅದರ ಹಿಂದೆ ಅನುಭವವೂ ಇತ್ತು. ಎದುರಿಗೆ ನಿಂತ ಸುಲ್ತಾನರಲ್ಲಿ ಪ್ರತಿಯೊಬ್ಬರ ಬಲವನ್ನೂ ಆತ ಹತ್ತಿರದಿಂದ ಅಳೆದಿದ್ದ. ಇಪ್ಪತ್ತು ವರ್ಷ ಅವರನ್ನು ತನ್ನ ಇಚ್ಛೆಯಂತೆ ನಡೆಸಿದ್ದ. ಹಿಂದಿನ ಪ್ರವಾಹದಲ್ಲಿ ನೀರು ಹೊಸ್ತಿಲು ಮುಟ್ಟಿರಲಿಲ್ಲವಾದ್ದರಿಂದ ಈ ಸಲವೂ ಮುಟ್ಟದೆಂದು ಕೂರುವ ರೈತನ ಲೆಕ್ಕಾಚಾರಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ. ಇನ್ನೊಂದು ಕಾರಣವೂ ಇದ್ದಿರಬೇಕು. ಪಲ್ಲಕ್ಕಿ ಸೈನಿಕರಿಗೆಲ್ಲ ಕಾಣುವಂಥದು. ಅದು ನಿಂತಲ್ಲಿ ನಿಂತಿರುವವರೆಗೆ ಸೇನೆ ನಿಲ್ಲುತ್ತದೆ. ಯಜಮಾನ ಕುದುರೆ ಏರಿದನೆಂದರೆ ಓಡಲು ಸಜ್ಜಾದನೆಂದೇ ಅರ್ಥ. ಒಮ್ಮೆ ಓಡಿದವನೆಂದು ತರುಣನಾಗಿದ್ದಾಗ ಅನ್ನಿಸಿಕೊಂಡವನಿಗೆ ಈ ಅರ್ಥ ಇತರರಿಗಿಂತ ಚೆನ್ನಾಗಿ ತಿಳಿದಿತ್ತು.

ಇತ್ತ ವಿಜಯನಗರಕ್ಕೆ ಗೆಲುವಿನದಲ್ಲದೆ ಬೇರೆ ಸುದ್ದಿಯ ನಿರೀಕ್ಷೆ ಇರಲಿಲ್ಲ. ಎರಡು ಶತಮಾನಗಳಲ್ಲಿ ಶತ್ರುಗಳು ಹೊರಗೋಡೆಯ ತನಕ ಬಂದದ್ದುಂಟು. ನಗರ ಅವರ ವಶವಾದದ್ದಿಲ್ಲ. ಸೋತ ಸೈನಿಕರ ಹಿಂದೆಯೇ ತಿರುಮಲ ನಗರಕ್ಕೆ ಬಂದ. ಯುದ್ಧದಲ್ಲಿ ಆತ ಒಂದು ಕಣ್ಣು ಕಳೆದುಕೊಂಡಿದ್ದ. ಅರಮನೆಯ ಬೊಕ್ಕಸವನ್ನು ಆನೆಗಳ ಮೇಲೆ ಹೇರಿಸಿ, ಬಂಧಿ ಸದಾಶಿವರಾಯನನ್ನು ಕರೆದುಕೊಂಡು, ರಾಜಪರಿವಾರ ಪೆನುಕೊಂಡೆಯ ಹಾದಿ ಹಿಡಿಯಿತು. ಆನೆಗಳ ಸಂಖ್ಯೆ 550 ಎಂದು ಪೋರ್ಚುಗೀಸ್ ಬರಹಗಳನ್ನು ಆಧರಿಸಿ ಹೇಳಲಾಗುತ್ತದೆ.

ಜನ ಉಳಿದರು. ಏಕೆ ಉಳಿದರೆಂಬುದಕ್ಕೆ ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿ ಕೊಟ್ಟಿರುವ ಕಾರಣ ತೀರಾ ಸರಳವಾದದ್ದು. ಊರಿನ ಗಾಡಿಗಳೂ ಹೇರೆತ್ತುಗಳೂ ಸೇನೆಯ ಜೊತೆ ಹೋಗಿದ್ದವು, ಹಿಂತಿರುಗಿರಲಿಲ್ಲ. ಮುದುಕರನ್ನು, ಬಾಣಂತಿಯರನ್ನು, ಕಾಳುಕಡಿಯನ್ನು ಹೊರಲು ಏನೂ ಉಳಿದಿರಲಿಲ್ಲ. ಇದ್ದ ಚಿನ್ನವನ್ನು ನೆಲದಲ್ಲಿ ಹೂಳುವುದು, ಹರೆಯದವರ ಕೈಗೆ ಆಯುಧ ಕೊಡುವುದು, ಕಾಯುವುದು. ಇಷ್ಟೇ ಸಾಧ್ಯವಿತ್ತು. ಯಾರೂ ಊರು ಬಿಡಿರೆಂದು ಅವರಿಗೆ ಡಂಗುರ ಸಾರಿದ ಉಲ್ಲೇಖ ಕಾಣಸಿಗುವುದಿಲ್ಲ. ಆನೆಗಳ ಸಾಲು ಕೋಟೆಬಾಗಿಲು ದಾಟಿದ್ದೇ ಅವರ ಪಾಲಿನ ಸೂಚನೆ.

ಈ ಭಾಗವನ್ನು ಓದುವಾಗ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ ನೆನಪಾಗದಿರದು. ಕತ್ರಿನಾ ಚಂಡಮಾರುತದ ಮುನ್ನಾದಿನ, 2005ರ ಆಗಸ್ಟ್ 28ರಂದು, ಅಲ್ಲಿಯ ಮೇಯರ್ ಊರು ತೊರೆಯುವುದನ್ನು ಕಡ್ಡಾಯಗೊಳಿಸಿದರು. ಕಾರು ಇದ್ದವರು ಹೆದ್ದಾರಿ ಹಿಡಿದರು. ಕಾರಿಲ್ಲದ ಬಡವರು, ರೋಗಿಗಳು, ವೃದ್ಧರು ಸಾವಿರಾರು ಸಂಖ್ಯೆಯಲ್ಲಿ ಹಿಂದುಳಿದರು. ಆಜ್ಞೆಯನ್ನು ಧಿಕ್ಕರಿಸಿದವರೆಂದು ಅವರನ್ನು ಮೊದಮೊದಲು ದೂಷಿಸಲಾಯಿತು. ಹಾಗೆ ದೂಷಿಸಿದವರಿಗೆ ಎತ್ತಿನ ಲೆಕ್ಕ ಹಾಕುವ ಅಭ್ಯಾಸ ಇರಲಿಲ್ಲವೆಂದೇ ಹೇಳಬೇಕು. ಕೃಷ್ಣೆ-ಭೀಮೆಯ ದಂಡೆಯಲ್ಲಿ ಲೆಕ್ಕ ತುಸು ಬೇರೆ: ದೋಣಿಯಲ್ಲಿ ಮನುಷ್ಯನಿಗೆ ಜಾಗವಿರುತ್ತದೆ, ಎಮ್ಮೆಗೆ ಇರುವುದಿಲ್ಲ. ಎಮ್ಮೆ ಹೋದ ಮೇಲೆ ಬದುಕಿ ಮಾಡುವುದೇನೆಂಬ ಪ್ರಶ್ನೆಗೆ ಗಂಜಿ ಕೇಂದ್ರದಲ್ಲಿ ಉತ್ತರ ಸಿಗುವುದಿಲ್ಲ.

ಗೆದ್ದ ಸೇನೆ ಕೆಲವು ದಿನಗಳಲ್ಲೇ ವಿಜಯನಗರವನ್ನು ಹೊಕ್ಕಿತು. ಅದಕ್ಕೂ ಮುನ್ನವೇ ಸುತ್ತಲಿನ ದರೋಡೆಕೋರರು ನಗರದ ಮೇಲೆ ಬಿದ್ದಿದ್ದರು. ಲೂಟಿ, ಕೊಲೆ, ದಹನಗಳು ಐದಾರು ತಿಂಗಳು ನಡೆದವು. ಎಲ್ಲ ಕಟ್ಟಡಗಳೂ ಅಂದೇ ನೆಲಸಮವಾದವೆಂಬ ಹಳೆಯ ಚಿತ್ರಣವನ್ನು ಇತ್ತೀಚಿನ ಸಂಶೋಧಕರು ಒಪ್ಪುವುದಿಲ್ಲ. ಹಲವು ಗುಡಿಗಳು ಉಳಿದಿರುವುದನ್ನು ಹಂಪಿಗೆ ಹೋದವರು ಇಂದಿಗೂ ಕಾಣಬಹುದು. ನಾಶವಾದದ್ದು ಊರಿನ ಬದುಕು.

ಈ ಇಡೀ ಪ್ರಸಂಗದಲ್ಲಿ ಸುರಕ್ಷಿತವಾಗಿ ಸ್ಥಳಾಂತರಗೊಂಡ ಅರಸ ಸದಾಶಿವರಾಯ ಒಬ್ಬನೇ. ಹೊರಡುವೆಯೋ ಉಳಿಯುವೆಯೋ ಎಂದು ಆತನನ್ನು ಯಾರೂ ಕೇಳಿರಲಾರರು. ಮುಂದೆ ಕೆಲವು ವರ್ಷ ಶಾಸನಗಳು ಆತನ ಹೆಸರಿನಲ್ಲೇ ಹೊರಟವು. ಬಳಿಕ ತಿರುಮಲನೇ ಪಟ್ಟವೇರಿ ಅರವೀಡು ವಂಶದ ಆಳ್ವಿಕೆಯನ್ನು ಆರಂಭಿಸಿದ. ರಾಮರಾಯ ಇಪ್ಪತ್ತು ವರ್ಷ ತಡೆದುಕೊಂಡಿದ್ದ ಕಿರೀಟ ತಮ್ಮನ ತಲೆಗೆ ಬಂತು.

ತಿರುಮಲ ಒಮ್ಮೆ ವಿಜಯನಗರಕ್ಕೆ ಮರಳಿ ಊರನ್ನು ಪುನಃ ನೆಲೆಗೊಳಿಸಲು ಯತ್ನಿಸಿದ. ಕುದುರೆ ತಂದು ಮಾರುವಂತೆ ವ್ಯಾಪಾರಿಗಳಿಗೆ ಹೇಳಿಕಳುಹಿಸಿದ. ಹೋದ ಜನ ಬರಲಿಲ್ಲ. 1567ರಲ್ಲಿ ಆತ ರಾಜಧಾನಿಯನ್ನು ಪೆನುಕೊಂಡೆಗೇ ಒಯ್ದ. ಅದೇ ವರ್ಷ ಅಲ್ಲಿಗೆ ಬಂದಿದ್ದ ಫೆಡೆರಿಚಿ ಕಂಡದ್ದು ನಿಂತೇ ಇರುವ ಮನೆಗಳನ್ನು; ಒಳಗೆ ಮನುಷ್ಯರಿರಲಿಲ್ಲ, ಕಾಡುಮೃಗಗಳು ಸೇರಿಕೊಂಡಿದ್ದವು. ಆತನ ವ್ಯವಹಾರ ಒಂದು ತಿಂಗಳಲ್ಲಿ ಮುಗಿಯುವಂಥದು. ಆದರೆ ಹಾದಿಗಳಲ್ಲಿ ಕಳ್ಳರ ಭಯವಿದ್ದುದರಿಂದ ಬರಿದಾದ ಆ ನಗರದಲ್ಲಿ ಆತ ಏಳು ತಿಂಗಳು ಉಳಿಯಬೇಕಾಯಿತು.