ಡೋನಾವೂರಿನ ಅಮ್ಮ: ಏಮಿ ಕಾರ್ಮೈಕಲ್

ಹೆತ್ತ ಮಕ್ಕಳನ್ನು ಸಲಹುವುದು ಪ್ರಕೃತಿಧರ್ಮ. ಹೆರದ ಮಕ್ಕಳಿಗಾಗಿ ಆಯುಷ್ಯವನ್ನೆಲ್ಲ ಸವೆಸುವುದು ಮಹಾತ್ಮರಿಗೆ ಮಾತ್ರ ಸಾಧ್ಯವಾದ ತಪಸ್ಸು. ದೂರದ ಐರ್ಲೆಂಡಿನಲ್ಲಿ ಹುಟ್ಟಿ, ತಮಿಳುನಾಡಿನ ಸಣ್ಣ ಹಳ್ಳಿಯೊಂದರಲ್ಲಿ ನೂರಾರು ಅನಾಥ ಶಿಶುಗಳಿಗೆ ತಾಯಿಯಾಗಿ ಬಾಳಿ, ಅಲ್ಲಿಯೇ ಮಣ್ಣಾದ ಏಮಿ ಕಾರ್ಮೈಕಲ್ ಅವರದು ಅಂತಹ ಬದುಕು.

ಏಮಿಯವರು 1867ರ ಡಿಸೆಂಬರ್ 16ರಂದು ಐರ್ಲೆಂಡಿನ ಮಿಲೈಲ್ ಎಂಬ ಕಡಲತಡಿಯ ಊರಿನಲ್ಲಿ, ಹಿಟ್ಟಿನ ಗಿರಣಿಯ ಒಡೆತನವಿದ್ದ ಅನುಕೂಲಸ್ಥ ಮನೆತನದಲ್ಲಿ ಜನಿಸಿದರು. ಏಳು ಮಕ್ಕಳಲ್ಲಿ ಅವರೇ ಹಿರಿಯರು. 1885ರಲ್ಲಿ ತಂದೆ ತೀರಿಕೊಂಡ ಮೇಲೆ ಸಂಸಾರದ ಭಾರ ಹೆಗಲಿಗೇರಿದರೂ ಬೆಲ್‌ಫಾಸ್ಟ್ ನಗರದ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಹೆಣ್ಣುಮಕ್ಕಳ ಸೇವೆಗೆ ಅವರು ಮುಂದಾದರು. ಮುಂದೆ ಕೆಲಕಾಲ ಜಪಾನಿನಲ್ಲಿದ್ದು, ಅನಾರೋಗ್ಯದಿಂದ ಹಿಂದಿರುಗಿ, 1895ರಲ್ಲಿ ನಮ್ಮ ಬೆಂಗಳೂರಿಗೆ ಬಂದಿಳಿದರು. ಭಾರತದಲ್ಲಿ ಅವರು ಮೊದಲು ನೆಲೆ ಕಂಡದ್ದು ಕನ್ನಡದ ಮಣ್ಣಿನಲ್ಲಿ ಎಂಬುದು ಸ್ಮರಣೀಯ. ಬಳಿಕ ತಿರುನೆಲ್ವೇಲಿಯ ಸೀಮೆಗೆ ತೆರಳಿ ತಮಿಳನ್ನು ಶ್ರದ್ಧೆಯಿಂದ ಕಲಿತು, ಸೀರೆಯುಟ್ಟು, ಸ್ಥಳೀಯ ಸ್ತ್ರೀಯರೊಡನೆ ಹಳ್ಳಿಹಳ್ಳಿಗಳಲ್ಲಿ ಸಂಚರಿಸುತ್ತ ಧರ್ಮಪ್ರಚಾರದಲ್ಲಿ ತೊಡಗಿದರು.

1901ರ ಮಾರ್ಚ್ ತಿಂಗಳ ಒಂದು ದಿನ ಅವರ ಬಾಳಿನ ದಿಕ್ಕೇ ಬದಲಾಯಿತು. ದೇವಾಲಯಕ್ಕೆ ಅರ್ಪಿತಳಾಗಲಿದ್ದ ಪ್ರೀನಾ ಎಂಬ ಏಳು ವರ್ಷದ ಬಾಲೆ ತಪ್ಪಿಸಿಕೊಂಡು ಓಡಿಬಂದು ಅವರ ಮಡಿಲನ್ನೇರಿದಳು. ಹಿಂದೊಮ್ಮೆ ಓಡಿಹೋಗಿದ್ದ ತಪ್ಪಿಗೆ ಆ ಎಳೆಯ ಕೈಗಳ ಮೇಲೆ ಕಾದ ಕಬ್ಬಿಣದಿಂದ ಬರೆ ಎಳೆಯಲಾಗಿತ್ತು. ದೇವರ ಹೆಸರಿನಲ್ಲಿ ಅರಿಯದ ಕೂಸುಗಳನ್ನು ಪಾಪಕೂಪಕ್ಕೆ ನೂಕುವ ಪದ್ಧತಿಯ ನಿಜರೂಪ ಏಮಿಯವರಿಗೆ ಆಗ ಗೋಚರಿಸಿತು. ಆ ವರ್ಷವೇ ಪಶ್ಚಿಮಘಟ್ಟದ ತಪ್ಪಲಿನ ಡೋನಾವೂರಿನಲ್ಲಿ ಅವರು ನೆಲೆಸಿದರು. ಒಂದೊಂದಾಗಿ ಶಿಶುಗಳು ಬರತೊಡಗಿದವು. 1913ರ ವೇಳೆಗೆ ಅವರ ಸಂಖ್ಯೆ 130ಕ್ಕೆ ಏರಿತು.

ಆಗ ಅವರ ಮುಂದೆ ಕಠಿಣವಾದ ಪ್ರಶ್ನೆಯೊಂದು ನಿಂತಿತು. ಪ್ರಚಾರಕ್ಕೆಂದು ಬಂದವರು ತೊಟ್ಟಿಲು ತೂಗುತ್ತ ಕೂರುವುದು ಯುಕ್ತವೇ ಎಂದು ಅವರ ಬಳಗದವರೇ ಸಂಶಯಪಟ್ಟರು. ಮಕ್ಕಳು ತಾಯಿಯ ಕಾಲನ್ನು ಕಟ್ಟಿಹಾಕುತ್ತಾರೆಂಬ ತಮಿಳು ನಾಣ್ಣುಡಿಯ ಸತ್ಯವನ್ನು ಅವರು ಪ್ರತಿದಿನವೂ ಅನುಭವಿಸಿದರು. ಕಡೆಗೆ, ಶಿಷ್ಯರ ಪಾದಗಳನ್ನು ತೊಳೆದ ತಮ್ಮ ಸ್ವಾಮಿಯನ್ನು ನೆನೆದು, ಸೇವೆಯಲ್ಲಿ ಹಿರಿದು ಕಿರಿದೆಂಬ ಭೇದವಿಲ್ಲವೆಂದು ನಿಶ್ಚಯಿಸಿ ತಮ್ಮ ಕಾಲನ್ನು ಕಟ್ಟಿಕೊಳ್ಳಲು ಸಂತೋಷದಿಂದ ಒಪ್ಪಿದರು.

ಅವರ ನಿತ್ಯಜೀವನ ಕಾಯಕಮಯವಾಗಿತ್ತು. ಮಕ್ಕಳಿಗೆ ಹಾಲೂಡಿಸುವುದು, ಮೀಯಿಸುವುದು, ಉಗುರು ಕತ್ತರಿಸುವುದು, ರೋಗಿಗಳ ಬಳಿ ಎಚ್ಚರವಿರುವುದು ಇವೆಲ್ಲವೂ ಅವರಿಗೆ ಪೂಜೆಯಷ್ಟೇ ಪವಿತ್ರ. ಎದೆಹಾಲಿಲ್ಲದ ಹಸುಳೆಗಳನ್ನು ಉಳಿಸಿಕೊಳ್ಳುವುದು ಅತ್ಯಂತ ದುಸ್ತರವಾಗಿತ್ತು. ಅತಿಸಾರ ಹಬ್ಬಿದಾಗ ಅನೇಕ ಶಿಶುಗಳು ಕಣ್ಣೆದುರೇ ಅಸುನೀಗಿದವು. ಆ ದುಃಖದಲ್ಲಿಯೂ ಜೊತೆಗಿದ್ದು ಹಸುಗೂಸುಗಳನ್ನು ಸಾಕಿದವರು ಪೊನ್ನಮ್ಮಾಳ್ ಎಂಬ ತಮಿಳು ಮಹಿಳೆ. ಹುಟ್ಟಿದ ದಿನ ತಿಳಿಯದ ಮಕ್ಕಳಿಗೆ ಅವರು ಡೋನಾವೂರಿಗೆ ಬಂದ ದಿನವನ್ನೇ ಹುಟ್ಟುಹಬ್ಬವಾಗಿ ಆಚರಿಸಲಾಗುತ್ತಿತ್ತು. ಏಮಿಯವರು ಮಕ್ಕಳಿಗೆ ಹಾಡು ಕಟ್ಟಿಕೊಡುತ್ತಿದ್ದರು. ಹೂವು, ಹಕ್ಕಿ, ಕೀಟಗಳ ಪರಿಚಯ ಮಾಡಿಸುತ್ತಿದ್ದರು. ಬೇಸಗೆಯಲ್ಲಿ ಗುಡ್ಡದ ಕಾಡಿಗೆ ಕರೆದೊಯ್ಯುತ್ತಿದ್ದರು. 1918ರಿಂದ ಗಂಡುಮಕ್ಕಳಿಗೂ ಆಶ್ರಯ ದೊರೆಯಿತು. ಅವರು ಯಾರ ಮುಂದೆಯೂ ಹಣಕ್ಕಾಗಿ ಕೈಚಾಚಲಿಲ್ಲ. ಸೇವಕವರ್ಗದವರು ಸಂಬಳ ಪಡೆಯುತ್ತಿರಲಿಲ್ಲ.

ವಿರೋಧವೂ ಬಂದಿತು. ಮಕ್ಕಳನ್ನು ಅಪಹರಿಸುವವರೆಂಬ ಆರೋಪ, ನ್ಯಾಯಾಲಯದ ಅಲೆದಾಟ ಎಲ್ಲವನ್ನೂ ಅವರು ಸಹಿಸಿದರು. ಈ ನಾಡಿನ ಧರ್ಮದ ಕುರಿತು ಅವರು ಬರೆದುದೆಲ್ಲವೂ ಸಮದೃಷ್ಟಿಯದೆಂದು ನಾವು ಒಪ್ಪಬೇಕಾಗಿಲ್ಲ. ಇಲ್ಲಿಯ ಶರಣರ, ಸಂತರ ಹಿರಿಮೆ ಅವರ ಕಣ್ಣಿಗೆ ಬಿದ್ದುದು ಅಲ್ಪ. ಆದರೆ ಅವರು ತೋರಿಸಿದ ಗಾಯ ನಿಜವಾದುದು. ಆ ಗಾಯವನ್ನು ನಮ್ಮವರೇ ಆದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರೂ ಕಂಡು ಹೋರಾಡಿದರು. 1947ರಲ್ಲಿ ಮದರಾಸು ಪ್ರಾಂತದಲ್ಲಿಯೂ 1982ರಲ್ಲಿ ಕರ್ನಾಟಕದಲ್ಲಿಯೂ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಶಾಸನಗಳು ರೂಪುಗೊಂಡವು.

1931ರ ಅಕ್ಟೋಬರಿನಲ್ಲಿ ಕತ್ತಲೆಯಲ್ಲಿ ಗುಂಡಿಯೊಂದಕ್ಕೆ ಬಿದ್ದು ಕಾಲು ಮುರಿದುಕೊಂಡ ಏಮಿಯವರು ಕಡೆಯ ಸುಮಾರು 20 ವರ್ಷಗಳನ್ನು ಬಹುಮಟ್ಟಿಗೆ ಹಾಸಿಗೆಯಲ್ಲಿಯೇ ಕಳೆದರು. ಆ ನೋವಿನಲ್ಲಿಯೂ ಲೇಖನಿ ನಿಲ್ಲಲಿಲ್ಲ, ಮಕ್ಕಳ ಯೋಗಕ್ಷೇಮದ ಚಿಂತೆ ಬಿಡಲಿಲ್ಲ. ಭಾರತಕ್ಕೆ ಬಂದ ಮೇಲೆ ಒಮ್ಮೆಯೂ ತಾಯ್ನಾಡಿಗೆ ಮರಳದೆ 1951ರ ಜನವರಿ 18ರಂದು ಅವರು ಡೋನಾವೂರಿನಲ್ಲಿ ಕಣ್ಮುಚ್ಚಿದರು. ಸಮಾಧಿಗೆ ಕಲ್ಲು ಬೇಡವೆಂದಿದ್ದ ಅವರ ಇಚ್ಛೆಯನ್ನು ಮನ್ನಿಸಿ, ಮಕ್ಕಳು ಅಲ್ಲಿ ಹಕ್ಕಿಗಳು ನೀರು ಕುಡಿಯುವ ಬಟ್ಟಲೊಂದನ್ನಿರಿಸಿ, ಅದರ ಮೇಲೆ ಅಮ್ಮ ಎಂಬ ಒಂದೇ ಪದವನ್ನು ಕೆತ್ತಿಸಿದರು.

ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಕಂಡುಂಡು ಬೆಳೆದವರಿಗೆ ಈ ಚರಿತೆ ಪರಕೀಯವೆನಿಸದು. ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತ ಬಡಬಾಲಕನಿಗೆ ಅನ್ನ ಬಡಿಸುವ ಕೈಯೂ, ಡೋನಾವೂರಿನಲ್ಲಿ ತೊಟ್ಟಿಲು ತೂಗಿದ ಕೈಯೂ ಒಂದೇ ಧರ್ಮವನ್ನು ಪಾಲಿಸಿದವು. ಬೋಧಿಸುವ ಗುರುವಿಗೂ ನೀಡುವ ದಾನಿಗೂ, ಕಲಿತು ಹೋದ ವಿದ್ಯಾರ್ಥಿಗೂ ಆ ಧರ್ಮ ಸದಾ ಸ್ಮರಣೆಯಲ್ಲಿರಲಿ.