ಹರ್ಡೀಕರರು ಅಮೆರಿಕದಲ್ಲಿ ಮೊದಲು ಹುಡುಕಿದ್ದು ಜೊತೆಗಾರರನ್ನು

2025ರ ಬೇಸಿಗೆಯ ಒಂದು ರಾತ್ರಿ ನಮ್ಮೂರ ಹುಡುಗನೊಬ್ಬ ಅಮೆರಿಕದಿಂದ ಫೋನ್ ಮಾಡಿದ. ನಮ್ಮೂರು ಸಿಂದಗಿ ತಾಲೂಕಿನ ಯಂಕಂಚಿ. ಹುಡುಗನ ಅಪ್ಪ ಹೊಲದ ಮೇಲೆ ಸಾಲ ತೆಗೆದು ಮಗನನ್ನು ಎಂ.ಎಸ್. ಓದಲು ಕಳಿಸಿದ್ದಾರೆ. ಕುಶಲ ವಿಚಾರಿಸಿದ ಮೇಲೆ ಹುಡುಗ ಮೆಲ್ಲಗೆ ವಿಷಯಕ್ಕೆ ಬಂದ. ಎರಡು ವರ್ಷದ ಹಿಂದೆ ನನ್ನದೊಂದು ಲೇಖನವನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡಿದ್ದನಂತೆ. ಅದನ್ನು ಈಗ ಅಳಿಸಿಬಿಟ್ಟರೆ ಬೇಜಾರು ಮಾಡ್ಕೋತೀಯಾ ಅಣ್ಣಾ ಅಂತ ಕೇಳಿದ.

ಬೇಜಾರು ಮಾಡಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಆ ವಸಂತದಲ್ಲಿ ಅಮೆರಿಕ ಸರ್ಕಾರ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ವೀಸಾ, ದಾಖಲೆಗಳ ಮೇಲೆ ಕೈಯಿಟ್ಟಿತ್ತು. ಜೂನ್‌ನಲ್ಲಿ, ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವವರು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಎಂದೂ ಹೇಳಿತು. ಅಳಿಸಿಬಿಡು ಅಂದೆ. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ನನ್ನ ಎಂಜಿನಿಯರಿಂಗ್ ಸಹಪಾಠಿಗಳಲ್ಲಿ ಎಷ್ಟೋ ಜನ ಅಲ್ಲಿದ್ದಾರೆ. ನಾನು ಹೋಗಲಿಲ್ಲ. ಬೆಂಗಳೂರಲ್ಲಿ ಕೂತು ಧೈರ್ಯದ ಪಾಠ ಹೇಳುವ ಹಕ್ಕು ನನಗಿದೆಯಾ ಎಂದು ಕೇಳಿಕೊಂಡೆ. ಆಗ ನೆನಪಾದವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ.

ಹೆಸರು ಕೇಳಿದ ಕೂಡಲೇ ನಮ್ಮ ಕಡೆಯ ಮಂದಿ ಆಲಮಟ್ಟಿಯ ಹರ್ಡೇಕರ ಮಂಜಪ್ಪನವರ ಜೊತೆ ಇವರನ್ನು ಗೊಂದಲ ಮಾಡಿಕೊಳ್ಳುತ್ತಾರೆ. ಇವರು ಬೇರೆ. ಕಾಂಗ್ರೆಸ್ ಸೇವಾದಳ ಕಟ್ಟಿದವರು ಎಂದಷ್ಟೇ ಪಠ್ಯಪುಸ್ತಕದ ಒಂದು ಸಾಲಿನಲ್ಲಿ ಉಳಿದವರು. ಆ ಸಾಲಿನ ಹಿಂದೆ ಪರದೇಶಕ್ಕೆ ಓದಲು ಹೋದ ಒಬ್ಬ ಹುಡುಗನ ಕಥೆಯಿದೆ. ಹುಡುಗನ ಫೋನ್ ಬಂದ ಮೇಲೆ ನಾನು ಓದುತ್ತಿರುವುದು ಆ ಕಥೆಯನ್ನೇ.

ಹರ್ಡೀಕರರು ಹುಟ್ಟಿದ್ದು 1889ರ ಮೇ 7ರಂದು, ಧಾರವಾಡದಲ್ಲಿ. ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲವೂ ಆಗ ಮುಂಬಯಿ ಪ್ರಾಂತ್ಯದೊಳಗೆ. ಅವರ ಬಾಲ್ಯದಲ್ಲಿ ಹುಬ್ಬಳ್ಳಿ-ಧಾರವಾಡದ ಮೇಲೆ ಪ್ಲೇಗ್ ಎರಗಿತ್ತು. ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡು ಬದುಕುಳಿದ ತಲೆಮಾರು ಅದು. ಹರೆಯಕ್ಕೆ ಬರುವ ಹೊತ್ತಿಗೆ ತಿಲಕರ ಗಾಳಿ, ಸ್ವದೇಶಿ ಚಳವಳಿ. ವೈದ್ಯಕೀಯ ಕಲಿಯಲು ಅವರು ದೂರದ ಕಲ್ಕತ್ತಾಗೆ ಹೋದರು. ಅಲ್ಲಿಂದ ಮುಂದೆ, ಮೊದಲ ಮಹಾಯುದ್ಧದ ಹೊಸ್ತಿಲಲ್ಲಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ.

ಲಂಡನ್ ಬಿಟ್ಟು ಅಮೆರಿಕ ಯಾಕೆ? ಲಂಡನ್ನಿಗೆ ಹೋಗುವವರು ಸಾಮಾನ್ಯವಾಗಿ ಐಸಿಎಸ್ ಇಲ್ಲವೇ ಬ್ಯಾರಿಸ್ಟರ್ ಪದವಿಗೆ ಹೋಗುವವರು, ಜೇಬು ತುಂಬಿದವರು. ಅಮೆರಿಕದಲ್ಲಿ ದುಡಿದು ಓದಬಹುದಿತ್ತು. ಆ ಕಾಲದ ಭಾರತೀಯ ವಿದ್ಯಾರ್ಥಿಗಳು ಹೋಟೆಲಲ್ಲಿ ತಟ್ಟೆ ತೊಳೆದರು, ಊಟ ಬಡಿಸಿದರು, ಬೇಸಿಗೆ ರಜೆಯಲ್ಲಿ ಹಣ್ಣಿನ ತೋಟಗಳಲ್ಲಿ ಕೂಲಿ ಮಾಡಿದರು. ಮೇಲ್ಜಾತಿಯ ಮನೆಗಳಲ್ಲಿ ತಾವು ಉಂಡ ತಟ್ಟೆಯನ್ನೂ ಎತ್ತದೆ ಬೆಳೆದ ಗಂಡುಮಕ್ಕಳಿಗೆ ಇದು ಸಣ್ಣ ಪಾಠವಲ್ಲ. ಪರದೇಶದ ಮೊದಲ ಹೊಂದಾಣಿಕೆ ಚಳಿಗೂ ಊಟಕ್ಕೂ ಸಂಬಂಧಿಸಿದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಕೈಯಾರೆ ದುಡಿಯುವುದೂ ಅಷ್ಟೇ ದೊಡ್ಡ ಹೊಂದಾಣಿಕೆಯಾಗಿತ್ತು.

ಎರಡನೆಯದು ಹೆಸರಿನದು. ಅಮೆರಿಕನ್ನರಿಗೆ ಭಾರತದಿಂದ ಬಂದವರೆಲ್ಲ ಹಿಂದೂಗಳೇ. ಪಂಜಾಬಿನ ಸಿಖ್ಖನೂ ಹಿಂದೂ, ಬಂಗಾಳದ ಮುಸ್ಲಿಮನೂ ಹಿಂದೂ. ಧರ್ಮ, ಜಾತಿ, ಭಾಷೆ ಯಾವುದನ್ನೂ ಕೇಳದೆ ಎಲ್ಲರನ್ನೂ ಒಂದೇ ಬಣ್ಣದಲ್ಲಿ ನೋಡಿ, ಒಂದೇ ಬಾಗಿಲಿಂದ ಹೊರಗಿಡುತ್ತಿದ್ದರು. ಊರಲ್ಲಿ ನೂರು ಮೆಟ್ಟಿಲುಗಳ ಏಣಿಯ ಮೇಲ್ತುದಿಯಲ್ಲಿದ್ದ ಹರ್ಡೀಕರರಂಥವರು ಅಲ್ಲಿ ಕೆಳಗಿನ ಮೆಟ್ಟಿಲಿಗೆ ಇಳಿದಿದ್ದರು.

ಅದೇ ಕಾಲಕ್ಕೆ ಇನ್ನೊಬ್ಬರು ಅಮೆರಿಕದಲ್ಲಿದ್ದರು. ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದ ಅಂಬೇಡ್ಕರ್. ಅವರಿಗೆ ಅಮೆರಿಕ ತದ್ವಿರುದ್ಧ ಅನುಭವ ಕೊಟ್ಟಿತು. ಊರಲ್ಲಿ ಮುಟ್ಟಿಸಿಕೊಳ್ಳದವನು ಅಲ್ಲಿ ಎಲ್ಲರ ಜೊತೆ ಒಂದೇ ಮೇಜಿನಲ್ಲಿ ಕೂತು ಉಂಡ. ಅವರಿಗೆ ಹೊಂದಿಕೊಳ್ಳುವುದು ಕಷ್ಟವಾದದ್ದು ಪರದೇಶಕ್ಕಲ್ಲ, ಮರಳಿ ಬಂದಾಗಿನ ಬರೋಡಕ್ಕೆ. ವಿದ್ವಾಂಸನಾಗಿ ಬಂದವರಿಗೆ ಅಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಹರ್ಡೀಕರರ ಕಥೆ ಓದುವಾಗ ಇದನ್ನು ಮರೆಯಬಾರದು. ಪರದೇಶ ಎನ್ನುವುದು ಎಲ್ಲರಿಗೂ ಒಂದೇ ಅಲ್ಲ; ಎಲ್ಲಿಂದ ಹೊರಟಿರಿ ಎನ್ನುವುದರ ಮೇಲೆ ಅದು ನಿಂತಿದೆ.

ಅಪಮಾನಕ್ಕೆ ಎರಡು ರೀತಿ ಉತ್ತರಿಸಬಹುದು. ಒಂದು, ನಾನು ಅವರಂಥವನಲ್ಲ, ಮೇಲಿನವನು ಎಂದು ತೋರಿಸಿಕೊಳ್ಳುವುದು. ಇವತ್ತಿಗೂ ಅಮೆರಿಕದ ನಮ್ಮ ಎಷ್ಟೋ ಮಂದಿ ಮಾಡುವುದು ಇದನ್ನೇ. ಇನ್ನೊಂದು, ಅಪಮಾನಗೊಂಡ ಉಳಿದವರ ಪಕ್ಕದಲ್ಲಿ ಹೋಗಿ ನಿಲ್ಲುವುದು. ಹರ್ಡೀಕರರು ಎರಡನೆಯ ದಾರಿ ಹಿಡಿದರು. ಬೇರೆಬೇರೆ ವಿಶ್ವವಿದ್ಯಾಲಯಗಳಲ್ಲಿ ಚದುರಿಹೋಗಿದ್ದ ಭಾರತೀಯ ವಿದ್ಯಾರ್ಥಿಗಳ ಸಂಘವೊಂದಿತ್ತು, ಹಿಂದೂಸ್ತಾನ್ ಅಸೋಸಿಯೇಷನ್ ಆಫ್ ಅಮೆರಿಕ. ಹೊಸದಾಗಿ ಬಂದವರಿಗೆ ದಾರಿ ತೋರಿಸುವುದು, ಒಬ್ಬರ ಕಷ್ಟಕ್ಕೆ ಇನ್ನೊಬ್ಬರನ್ನು ಜೋಡಿಸುವುದು ಇಂಥ ಸಂಘಗಳ ಕೆಲಸ. ಹರ್ಡೀಕರರು ಅದರ ಅಧ್ಯಕ್ಷರಾದರು.

ಓದಿದ್ದು ಸಾರ್ವಜನಿಕ ಆರೋಗ್ಯ. ಈ ವಿಷಯದ ಆಯ್ಕೆಯನ್ನು ನಾನು ಮುಖ್ಯ ಎಂದು ನೋಡುತ್ತೇನೆ. ಕ್ಲಿನಿಕ್ಕಿನ ಡಾಕ್ಟರು ಎದುರಿಗೆ ಕೂತ ಒಬ್ಬ ರೋಗಿಯನ್ನು ನೋಡುತ್ತಾನೆ. ಸಾರ್ವಜನಿಕ ಆರೋಗ್ಯ ಕಲಿತವನು ಓಣಿ ನೋಡುತ್ತಾನೆ: ನೀರು ಎಲ್ಲಿಂದ ಬರುತ್ತದೆ, ಗಟಾರು ಎಲ್ಲಿಗೆ ಹೋಗುತ್ತದೆ, ಒಂದು ಮನೆಯ ಕಾಯಿಲೆ ಹತ್ತು ಮನೆಗೆ ಹೇಗೆ ಹಬ್ಬಿತು. ಒಬ್ಬನೇ ಆರೋಗ್ಯವಾಗಿರಲು ಸಾಧ್ಯವಿಲ್ಲ ಎನ್ನುವುದು ಆ ಶಾಸ್ತ್ರದ ಮೊದಲ ಪಾಠ. ಪ್ಲೇಗಿನ ಊರಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಆಮೇಲೆ ಬಂತು 1917. ಈ ವರ್ಷವನ್ನು ಇವತ್ತಿನ ವಿದ್ಯಾರ್ಥಿಗಳು ಗುರುತಿಟ್ಟುಕೊಳ್ಳಬೇಕು. ಫೆಬ್ರುವರಿಯಲ್ಲಿ ಅಮೆರಿಕದ ಸಂಸತ್ತು ಅಧ್ಯಕ್ಷ ವಿಲ್ಸನ್ನರ ವೀಟೊ ಮೀರಿ ಹೊಸ ವಲಸೆ ಕಾನೂನು ಮಾಡಿತು. ಏಷ್ಯಾದ ಬಹುಭಾಗವನ್ನು, ಭಾರತವನ್ನೂ ಸೇರಿಸಿ, ನಿಷೇಧಿತ ವಲಯ ಮಾಡಿತು. ಅಲ್ಲಿಂದ ಕೂಲಿಕಾರರು ಬರುವಂತಿಲ್ಲ. ವಿದ್ಯಾರ್ಥಿಗಳಿಗೆ ವಿನಾಯಿತಿ ಇತ್ತು. ಆದರೆ ಕಾನೂನೇ ನಿಮ್ಮ ಜನರನ್ನು ಬೇಡ ಎಂದ ಮೇಲೆ ವಿನಾಯಿತಿಯಲ್ಲಿ ಬದುಕುವುದು ಹೇಗಿರುತ್ತದೆ? ಏಪ್ರಿಲ್‌ನಲ್ಲಿ ಅಮೆರಿಕ ಬ್ರಿಟನ್ನಿನ ಪರವಾಗಿ ಯುದ್ಧಕ್ಕಿಳಿಯಿತು. ನವೆಂಬರ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಗದರ್ ಕ್ರಾಂತಿಕಾರಿಗಳ ಮೇಲಿನ ಮೊಕದ್ದಮೆ ಶುರುವಾಯಿತು. 1918ರ ಏಪ್ರಿಲ್‌ನಲ್ಲಿ ಅದು ಮುಗಿಯುವ ದಿನ ಗದರ್ ನಾಯಕ ರಾಮಚಂದ್ರ ಕೋರ್ಟಿನೊಳಗೇ ಗುಂಡೇಟಿಗೆ ಬಲಿಯಾದರು. ಬ್ರಿಟಿಷ್ ಗೂಢಚಾರರು ಅಮೆರಿಕದ ಉದ್ದಗಲಕ್ಕೂ ಭಾರತೀಯರ ಬೆನ್ನಹಿಂದೆ ಇದ್ದರು. ಡಿಗ್ರಿ ಜೇಬಿಗೆ ಹಾಕಿಕೊಂಡು ತೆಪ್ಪಗಿರಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ.

ಅದೇ 1917ರ ಅಕ್ಟೋಬರ್‌ನಲ್ಲಿ, ಭಾರತಕ್ಕೆ ಮರಳಲಾಗದೆ ಅಮೆರಿಕದಲ್ಲಿ ಉಳಿದಿದ್ದ ಲಾಲಾ ಲಜಪತರಾಯರು ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಂ ರೂಲ್ ಲೀಗ್ ಆಫ್ ಅಮೆರಿಕ ಕಟ್ಟಿದರು. ಅವರ ಬಲಗೈಯಾಗಿ ನಿಂತವರು ಹರ್ಡೀಕರ. 1918ರ ಜನವರಿಯಿಂದ ಯಂಗ್ ಇಂಡಿಯಾ ಎಂಬ ಮಾಸಪತ್ರಿಕೆ ಹೊರಟಿತು. ಗಾಂಧೀಜಿ ಮುಂದೆ ಅದೇ ಹೆಸರಿನ ಪತ್ರಿಕೆ ನಡೆಸಿದರು, ಇದು ಬೇರೆ. ಲೀಗಿನ ದಾರಿ ಗದರ್‌ನ ದಾರಿಯಲ್ಲ. ಬಂದೂಕಿಲ್ಲ, ಗುಟ್ಟಿಲ್ಲ. ಬಾಗಿಲ ಮೇಲೆ ಬೋರ್ಡು ಹಾಕಿ, ಚಂದಾ ಕೂಡಿಸಿ, ಊರೂರು ತಿರುಗಿ ಭಾಷಣ ಮಾಡಿ, ಸಾಮಾನ್ಯ ಅಮೆರಿಕನ್ನರಿಗೆ ಭಾರತದ ಹಸಿವು, ತೆರಿಗೆ, ಆಳ್ವಿಕೆಯ ಲೆಕ್ಕ ಕೊಡುವುದು. ಪಾದ್ರಿ ಜೆ.ಟಿ. ಸಂಡರ್ಲೆಂಡ್‌ರಂಥ ಅಮೆರಿಕನ್ ಗೆಳೆಯರು ಜೊತೆಗಿದ್ದರು.

ಲೀಗಿನಲ್ಲಿ ಹರ್ಡೀಕರರ ಪಾಲಿಗೆ ಬಂದದ್ದು ಬಹುತೇಕ ಹೆಸರಿಲ್ಲದ ಕೆಲಸ. ಸಭೆ ಜೋಡಿಸುವುದು, ಪತ್ರಿಕೆ ಹಂಚುವುದು, ಪ್ರವಾಸ, ಪತ್ರವ್ಯವಹಾರ. ಲಜಪತರಾಯರ ಹೆಸರು ಚರಿತ್ರೆಯಲ್ಲಿ ಉಳಿಯಿತು, ಹರ್ಡೀಕರರದ್ದು ಕೆಳಗಿನ ಸಾಲಿಗೆ ಹೋಯಿತು. ಆ ಅಮೆರಿಕದ ದಿನಗಳ ಬಗ್ಗೆ ಹರ್ಡೀಕರರು ಮುಂದೆ ಒಂದು ಪುಸ್ತಕ ಬರೆದರು. ಅದರ ಹೆಸರಿನಲ್ಲೂ ಇರುವುದು ಲಾಲಾಜಿಯೇ. ಆದರೆ ಸಂಘಟನೆ ಅಂದ್ರ ಏನು ಅಂತ ಅವರು ಕಲಿತದ್ದು ಅಲ್ಲೇ.

ಅಸಹಕಾರ ಚಳವಳಿಯ ದಿನಗಳಲ್ಲಿ ಹುಬ್ಬಳ್ಳಿಗೆ ಬಂದರು. ಅಮೆರಿಕ ಡಿಗ್ರಿಯ ಡಾಕ್ಟರು ಬಂಗಲೆ ಕಟ್ಟಬಹುದಿತ್ತು. ಅವರು ಹುಡುಗರನ್ನು ಕೂಡಿಸಿ ಸೇವಾ ಮಂಡಲ ಕಟ್ಟಿದರು. ಅದರ ಪರೀಕ್ಷೆ ನಡೆದದ್ದು 1923ರಲ್ಲಿ. ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯುತ್ತಿತ್ತು. ದೇಶದ ಎಲ್ಲ ಕಡೆಯಿಂದ ಬಂದವರು ಜೈಲು ತುಂಬಿದರು. ಜೈಲಿನ ಕ್ರೌರ್ಯ ತಾಳಲಾರದೆ ಹಲವರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಬರೆದುಕೊಡಲಿಲ್ಲ.

ಕ್ಷಮೆ ಕೇಳಿದವರನ್ನು ನಾನು ಹೇಡಿಗಳು ಅನ್ನಲಾರೆ. ಅವರಲ್ಲಿ ಬಹಳ ಮಂದಿ ಒಬ್ಬೊಬ್ಬರಾಗಿ ಬಂದವರು, ಒಬ್ಬೊಬ್ಬರಾಗಿ ಮುರಿದವರು. ಹುಬ್ಬಳ್ಳಿಯವರು ಒಟ್ಟಿಗೆ ತಾಲೀಮು ಮಾಡಿದ್ದರು, ಒಟ್ಟಿಗೆ ಹೋಗಿದ್ದರು. ಪಕ್ಕದ ಕೋಣೆಯವನು ಬಗ್ಗುವುದಿಲ್ಲ ಎಂಬ ನಂಬಿಕೆ ಈ ಕೋಣೆಯವನ ಬೆನ್ನನ್ನು ನೆಟ್ಟಗೆ ಇಡುತ್ತದೆ. ಧೈರ್ಯ ವೈಯಕ್ತಿಕ ಗುಣ ಅಂತ ನಾವು ತಿಳಿದಿದ್ದೇವೆ. ಹರ್ಡೀಕರರ ಮಟ್ಟಿಗೆ ಅದು, ಆರೋಗ್ಯದ ಹಾಗೆ, ಸಾರ್ವಜನಿಕ ವಿಷಯ.

ದೇಶದ ನಾಯಕರ ಕಣ್ಣಿಗೂ ಇದು ಬಿತ್ತು. ಆ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದ ಹೊತ್ತಿಗೆ ಅಖಿಲ ಭಾರತ ಮಟ್ಟದ ಸ್ವಯಂಸೇವಕ ಸಂಘಟನೆ ಹುಟ್ಟಿತು. ಅದೇ ಹಿಂದೂಸ್ತಾನಿ ಸೇವಾದಳ. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರು, ಹೊಣೆ ಹೊತ್ತು ನಡೆಸಿದವರು ಹರ್ಡೀಕರ. ಹೆಸರಲ್ಲಿ ಹಿಂದೂ ಅಲ್ಲ, ಹಿಂದೂಸ್ತಾನಿ ಎಂದಿರುವುದನ್ನು ಗಮನಿಸಿ. ಸಿಖ್ಖ, ಮುಸ್ಲಿಂ, ಬ್ರಾಹ್ಮಣ ಎಲ್ಲರೂ ಒಟ್ಟಿಗೆ ಅಪಮಾನ ಉಂಡ ಆ ಅಮೆರಿಕದ ವಿದ್ಯಾರ್ಥಿ ಸಂಘದ ಹೆಸರೂ ಹೀಗೇ ಇತ್ತು. ನನಗೆ ಇದು ಬರೀ ಕಾಕತಾಳೀಯ ಅನ್ನಿಸುವುದಿಲ್ಲ. ಎರಡು ವರ್ಷದ ನಂತರ, 1925ರಲ್ಲಿ, ಕಲ್ಕತ್ತಾದಲ್ಲೇ ವೈದ್ಯಕೀಯ ಓದಿದ್ದ ಇನ್ನೊಬ್ಬ ಡಾಕ್ಟರು, ಹೆಡಗೇವಾರ್, ನಾಗಪುರದಲ್ಲಿ ಆರೆಸ್ಸೆಸ್ ಕಟ್ಟಿದರು. ಇಬ್ಬರೂ ಹುಡುಗರನ್ನು ಸಾಲಾಗಿ ನಿಲ್ಲಿಸಿದರು. ಸಾಲಿನಲ್ಲಿ ಯಾರಿಗೆ ಜಾಗ ಇದೆ ಎನ್ನುವುದರಲ್ಲಿ ಇತ್ತು ವ್ಯತ್ಯಾಸ.

1924ರ ಬೆಳಗಾವಿ ಅಧಿವೇಶನ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ. ಅಲ್ಲಿ ಸ್ವಯಂಸೇವಕರ ವ್ಯವಸ್ಥೆ ನೋಡಿಕೊಂಡವರು ಹರ್ಡೀಕರ. ಮೇಲ್ಜಾತಿಯ ಹುಡುಗರೂ ಅಲ್ಲಿ ಪಾಯಖಾನೆ ತೊಳೆಯುವ ಕೆಲಸಕ್ಕೆ ಇಳಿದರು. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಎಂಟಕ್ಕೆ ದೇಶದ ಎಲ್ಲೆಡೆ ಧ್ವಜ ಏರಿಸುವ ಪದ್ಧತಿಯನ್ನು ಸೇವಾದಳ ತಂದಿತು. ಹೆಣ್ಣುಮಕ್ಕಳ ವಿಭಾಗಕ್ಕೆ ಉಮಾಬಾಯಿ ಕುಂದಾಪುರ ಮುಂದಾಳಾದರು. 1932ರಲ್ಲಿ ಬ್ರಿಟಿಷರು ಸಂಘಟನೆಯನ್ನೇ ನಿಷೇಧಿಸಿದರು.

ಟೀಕೆಗಳೂ ಇದ್ದವು, ಅವಕ್ಕೆ ಅರ್ಥವೂ ಇತ್ತು. ಸಮವಸ್ತ್ರ, ಕವಾಯತು ಅಹಿಂಸೆಗೆ ಒಗ್ಗುತ್ತವಾ ಎಂದು ಕಾಂಗ್ರೆಸ್ಸಿನೊಳಗೇ ಅನುಮಾನಪಟ್ಟವರಿದ್ದರು. ಶಿಸ್ತು ಕಲಿಸುವ ಸಂಘಟನೆ ಪ್ರಶ್ನೆ ಕೇಳುವುದನ್ನು ಮರೆಸಿಬಿಡುವ ಅಪಾಯ ಯಾವಾಗಲೂ ಇರುತ್ತದೆ. ಸ್ವಾತಂತ್ರ್ಯದ ನಂತರ ಸೇವಾದಳ ನಾಯಕರಿಗೆ ಸೆಲ್ಯೂಟ್ ಹೊಡೆಯುವ ಬಿಳಿ ಟೋಪಿಯ ಸಾಲಾಗಿ ಕುಗ್ಗಿದ್ದನ್ನು ನಾವು ನೋಡಿದ್ದೇವೆ.

ಹರ್ಡೀಕರರ ಕೈ ಮಾತ್ರ ಕಲಿತ ವಿದ್ಯೆಯನ್ನು ಬಿಡಲಿಲ್ಲ. ನಮ್ಮ ಕಡೆ ಮಂದಿಗೆ ಘಟಪ್ರಭಾ ಅಂದ್ರ ದವಾಖಾನಿ. ಕ್ಷಯದ ಹೆಸರು ಹೇಳಲೂ ಜನ ಹೆದರುತ್ತಿದ್ದ ಕಾಲದಿಂದ ಅಲ್ಲಿನ ಕರ್ನಾಟಕ ಆರೋಗ್ಯಧಾಮದ ಜೊತೆ ಅವರು ದುಡಿದರು. 1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು. ತೀರಿಕೊಂಡದ್ದು 1975ರ ಆಗಸ್ಟ್‌ನಲ್ಲಿ.

ಮತ್ತೆ ನಮ್ಮೂರ ಹುಡುಗನ ಮಾತು. ಅಳಿಸು ಅಂದದ್ದು ತಪ್ಪಾಯಿತು ಅಂತ ನನಗೆ ಈಗಲೂ ಅನ್ನಿಸುತ್ತಿಲ್ಲ. ಅಪ್ಪನ ಹೊಲ ಅಡವಿಟ್ಟವನಿಗೆ ಒಬ್ಬನೇ ಎದೆಯುಬ್ಬಿಸಿ ನಿಲ್ಲು ಎನ್ನುವುದು ಸುಲಭ, ಕ್ರೂರ ಕೂಡ. ಆದರೆ ಅಷ್ಟನ್ನೇ ಹೇಳಿ ಫೋನ್ ಇಟ್ಟದ್ದು ತಪ್ಪು. ಹರ್ಡೀಕರರು ಪರದೇಶದಲ್ಲಿ ಒಂಟಿಯಾಗಿ ನಿಂತು ಘರ್ಜಿಸಿದವರಲ್ಲ. ಮೊದಲು ಸಂಘ ಸೇರಿದರು, ಗೆಳೆಯರನ್ನು ಮಾಡಿಕೊಂಡರು, ಆ ದೇಶದವರಲ್ಲೇ ನ್ಯಾಯಕ್ಕೆ ಕಿವಿಗೊಡುವವರನ್ನು ಹುಡುಕಿದರು. ಮಾತು ಆಮೇಲೆ ಬಂತು.

ಹೋದ ವಾರ ನಾನೇ ಫೋನ್ ಮಾಡಿದೆ. ಅಲ್ಲಿ ನಿನ್ನ ಜೊತೆ ಯಾರಿದ್ದಾರೆ ಅಂತ ಕೇಳಿದೆ. ರೂಮ್‌ಮೇಟ್‌ಗಳ ಹೆಸರು ಹೇಳಿದ, ಎಲ್ಲರೂ ನಮ್ಮ ಕಡೆಯವರೇ. ಬೇರೆ ದೇಶದ ವಿದ್ಯಾರ್ಥಿಗಳು? ಕ್ಯಾಂಪಸ್ಸಿನಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಪುಕ್ಕಟೆ ಕಾನೂನು ಸಲಹೆ ಕೊಡುವವರು? ದುಡಿಯುವ ವಿದ್ಯಾರ್ಥಿಗಳ ಯೂನಿಯನ್ನು? ಯಾರೂ ಗೊತ್ತಿಲ್ಲ ಅಂದ. ಶನಿವಾರ ಹೋಗಿ ಕೇಳಿಕೊಂಡು ಬರ್ತೀನಿ ಅಂದ. ಏನಾಯಿತು ಅಂತ ಕೇಳಲು ಮತ್ತೆ ಫೋನ್ ಮಾಡಬೇಕು.