ಗುಮಾಸ್ತನ ಲೇಖನಿ, ನೀತಿವಂತನ ಭಾಗ್ಯ

ಅಮೆರಿಕದ ರಾಜ್ಯಗಳು ಇನ್ನೂ ಬ್ರಿಟನ್ನಿನ ವಸಾಹತುಗಳಾಗಿದ್ದ ಕಾಲವದು. ನ್ಯೂಜೆರ್ಸಿಯ ಮೌಂಟ್ ಹಾಲಿ ಎಂಬ ಊರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ತರುಣ ಗುಮಾಸ್ತನಿಗೆ ಮಾಲೀಕ ಒಂದು ದಿನ ಹೊಸ ಕೆಲಸವನ್ನು ಒಪ್ಪಿಸಿದ. ಮಾಲೀಕ ತನ್ನ ಬಳಿಯಿದ್ದ ಆಫ್ರಿಕನ್ ಮೂಲದ ಗುಲಾಮ ಸ್ತ್ರೀಯೊಬ್ಬಳನ್ನು ಮಾರಿದ್ದ; ಕೊಂಡ ವೃದ್ಧ ಎದುರಿಗೇ ಕಾದಿದ್ದ. ಕ್ರಯಪತ್ರ ಬರೆಯಬೇಕಾಗಿತ್ತು. ಗುಮಾಸ್ತನ ಮನಸ್ಸು ಅಳುಕಿತು. ಆದರೆ ತಾನು ಮಾಲೀಕನ ಸಂಬಳ ಪಡೆಯುವವನು, ಕೊಳ್ಳುವವನೂ ತನ್ನದೇ ಪಂಥದ ಹಿರಿಯ ಎಂದು ಸಮಾಧಾನ ಹೇಳಿಕೊಂಡು ಪತ್ರ ಬರೆದ. ಅದು ಪೂರ್ಣಗೊಳ್ಳುವ ಹೊತ್ತಿಗೆ ಸುಮ್ಮನಿರಲಾಗದೆ, ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಒಪ್ಪುವ ನಡತೆಯಲ್ಲವೆಂದು ಇಬ್ಬರಿಗೂ ಹೇಳಿದ. ಹೇಳಿದರೂ ಮನಸ್ಸು ಪೂರ್ತಿ ಹಗುರವಾಗಲಿಲ್ಲ. ಬರೆಯಲಾರೆನೆಂದು ಮೊದಲೇ ತಿಳಿಸಬೇಕಿತ್ತೆಂಬ ಕೊರಗು ಉಳಿಯಿತು.

ಆ ಗುಮಾಸ್ತ ಜಾನ್ ವೂಲ್ಮನ್. ಗುಲಾಮಗಿರಿಯ ವಿರುದ್ಧ ಅಮೆರಿಕದಲ್ಲಿ ಎದ್ದ ಮೊದಲ ದನಿಗಳಲ್ಲಿ ಆತನದೂ ಒಂದು. 1720ರಲ್ಲಿ ಕ್ವೇಕರ್ ಪಂಥದ ರೈತ ಕುಟುಂಬದಲ್ಲಿ ಹುಟ್ಟಿದ ಆತನಿಗೆ ಬೈಬಲ್ ವಾಚನ ಮನೆಯ ರೂಢಿಯಾಗಿತ್ತು. ಬಾಲ್ಯದಲ್ಲೊಮ್ಮೆ ಆತ ಆಟಕ್ಕೆಂದು ಕಲ್ಲೆಸೆದು ತಾಯಿಹಕ್ಕಿಯೊಂದನ್ನು ಕೊಂದ. ಗೂಡಿನಲ್ಲಿದ್ದ ಮರಿಗಳು ಹಸಿವಿನಿಂದ ನರಳಿ ಸಾಯುವುದಕ್ಕಿಂತ ತಾನೇ ಕೊಲ್ಲುವುದು ಮೇಲೆಂದು ಅವನ್ನೂ ಕೊಂದ. ದುಷ್ಟರ ದಯೆಯೂ ಕ್ರೌರ್ಯವೇ ಆಗಿರುತ್ತದೆಂಬ ಅರ್ಥದ ಜ್ಞಾನೋಕ್ತಿ ಆಗ ಅವನಿಗೆ ನೆನಪಾಯಿತು. ಗ್ರಂಥದ ಮಾತು ತನ್ನ ಕೈಯ ಕೆಲಸವನ್ನೇ ತೋರಿಸುತ್ತಿದೆಯೆಂದು ಹುಡುಗನಿಗೆ ಅನ್ನಿಸಿತು. ಮುಂದೆ ಆತ ಬೈಬಲ್ಲನ್ನು ಓದಿದ್ದು ಹೀಗೆಯೇ, ಅನ್ಯರನ್ನು ಅಳೆಯಲು ಅಲ್ಲ, ತನ್ನನ್ನು ಅಳೆದುಕೊಳ್ಳಲು.

ಹೊಲಿಗೆ ಕಲಿತು, ಸ್ವಂತ ಅಂಗಡಿ ತೆರೆದ ವೂಲ್ಮನ್ನನ ವ್ಯಾಪಾರ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಇದನ್ನು ದೇವರ ಆಶೀರ್ವಾದವೆಂದು ಬಗೆಯುವುದು ಸುಲಭವಿತ್ತು. ಜ್ಞಾನೋಕ್ತಿಗಳ ಗ್ರಂಥವೇ ನೀತಿವಂತನ ಮನೆಯಲ್ಲಿ ಸಂಪತ್ತು ನೆಲೆಸುತ್ತದೆಂದು ಹೇಳುತ್ತದಲ್ಲವೇ? ಆದರೆ ಅದೇ ಗ್ರಂಥದ ಕೊನೆಯ ಭಾಗದಲ್ಲಿ, ದಾರಿದ್ರ್ಯವೂ ಬೇಡ, ಐಶ್ವರ್ಯವೂ ಬೇಡ, ಅಗತ್ಯವಿದ್ದಷ್ಟು ಆಹಾರ ಸಾಕು ಎಂಬ ಆಶಯದ ಪ್ರಾರ್ಥನೆಯೊಂದಿದೆ. ವೂಲ್ಮನ್ನನ ಬದುಕು ಈ ಪ್ರಾರ್ಥನೆಯ ದಾರಿಯಲ್ಲಿ ಸಾಗಿತು. ಬೆಳೆಯುವ ವ್ಯಾಪಾರ ಮನಸ್ಸಿಗೆ ಹೊರೆಯೆಂದು ಕಂಡು, 1756ರ ಸುಮಾರಿಗೆ ಅಂಗಡಿಯ ಸರಕು ಮಾರಾಟವನ್ನೇ ನಿಲ್ಲಿಸಿದ. ಹೊಲಿಗೆ ಮತ್ತು ಸೇಬಿನ ಗಿಡಗಳ ಆರೈಕೆ ಸಂಸಾರಕ್ಕೆ ಸಾಕಾಯಿತು. ಲಾಭದ ಗರಿಷ್ಠೀಕರಣವನ್ನು ಮೊದಲ ಪಾಠವಾಗಿ ಕಲಿತ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ತೀರ್ಮಾನ ಇಂದಿಗೂ ಒಗಟೇ ಸರಿ.

ಲೇಖನಿ ಹಿಡಿದ ಕೈ ಮಾತ್ರ ಮತ್ತೆ ಸೋಲಲಿಲ್ಲ. ಉಯಿಲು, ಪತ್ರಗಳನ್ನು ಬರೆಸಲು ನೆರೆಹೊರೆಯವರು ಆತನ ಬಳಿಗೇ ಬರುತ್ತಿದ್ದರು. ಒಮ್ಮೆ ಪೆಟ್ಟು ಬಿದ್ದು ನರಳುತ್ತಿದ್ದ ನೆರೆಯವನೊಬ್ಬನ ಉಯಿಲನ್ನು ಬರೆಯುವಾಗ, ಗುಲಾಮಳನ್ನು ಮಕ್ಕಳಿಗೆ ಬಿಡುವ ಅಂಶವೊಂದನ್ನು ಬಿಟ್ಟು ಉಳಿದುದನ್ನೆಲ್ಲ ಬರೆದು, ಅದನ್ನು ತಾನು ಬರೆಯಲಾರೆನೆಂದು ಸ್ನೇಹದಿಂದಲೇ ತಿಳಿಸಿದ. ಇಬ್ಬರೂ ಮಾತನಾಡಿದರು. ಆಕೆಯನ್ನು ಬಿಡುಗಡೆ ಮಾಡಲು ನೆರೆಯವ ಒಪ್ಪಿದ ಮೇಲೆ ಉಯಿಲು ಪೂರ್ಣವಾಯಿತು.

1746ರಲ್ಲಿ ದಕ್ಷಿಣದ ವಸಾಹತುಗಳಲ್ಲಿ ಸಂಚರಿಸಿ ಕಂಡದ್ದನ್ನು ಆಧರಿಸಿ ಬರೆದ ಗುಲಾಮಗಿರಿ ವಿರೋಧಿ ಪ್ರಬಂಧ 1754ರಲ್ಲಿ ಪ್ರಕಟವಾಯಿತು. ಪ್ರವಾಸದಲ್ಲಿ ಗುಲಾಮರ ಒಡೆಯರ ಮನೆಯಲ್ಲಿ ಉಳಿಯಬೇಕಾಗಿ ಬಂದರೆ ಪುಕ್ಕಟೆ ಆತಿಥ್ಯ ಆತನಿಗೆ ಸಹ್ಯವಾಗುತ್ತಿರಲಿಲ್ಲ. ತನಗೆ ಸೇವೆ ಮಾಡಿದವರಿಗೆ ಬೆಳ್ಳಿಯ ನಾಣ್ಯಗಳು ಸೇರುವಂತೆ ನೋಡಿಕೊಳ್ಳುತ್ತಿದ್ದ. ಗುಲಾಮರ ದುಡಿಮೆಯಿಂದ ಬಂದ ಸಕ್ಕರೆಯನ್ನು ತ್ಯಜಿಸಿದ. ಬಣ್ಣ ಹಾಕದ ಬಟ್ಟೆಯನ್ನೇ ಉಟ್ಟ. ಉಳ್ಳವರ ಅನಗತ್ಯ ಬಯಕೆಗಳನ್ನು ಪೂರೈಸಲೆಂದೇ ಇಲ್ಲದವರು ಮಿತಿಮೀರಿ ದುಡಿಯಬೇಕಾಗುತ್ತದೆಂಬುದು ಆತನ ವಾದ. ಬಡವರ ಪರವಾಗಿ ಬರೆದ ಈ ಪ್ರಬಂಧ ಅಚ್ಚಾದದ್ದು 1793ರಲ್ಲಿ, ಆತ ತೀರಿಕೊಂಡು ಎರಡು ದಶಕಗಳು ಕಳೆದ ಮೇಲೆ.

1758ರ ಫಿಲಡೆಲ್ಫಿಯಾದ ವಾರ್ಷಿಕ ಸಭೆಯಲ್ಲಿ ಕ್ವೇಕರರು ಗುಲಾಮರ ಒಡೆಯರಾದ ಸದಸ್ಯರನ್ನು ಭೇಟಿಮಾಡಿ ಮನವೊಲಿಸಲು ಸಮಿತಿಯೊಂದನ್ನು ನೇಮಿಸಿದರು. ವೂಲ್ಮನ್ ಅದರಲ್ಲಿ ಒಬ್ಬ. ಮನೆಮನೆಗೆ ಹೋಗಿ, ಯಾರನ್ನೂ ಹೀಗಳೆಯದೆ, ಒಡೆಯನ ಆತ್ಮಕ್ಕೂ ಗುಲಾಮಗಿರಿ ಹಾನಿಯೆಂದು ತಿಳಿಹೇಳುವ ನಿಧಾನದ ಕೆಲಸವದು. 1772ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಅಲಂಕೃತ ಕ್ಯಾಬಿನ್ ಬೇಡವೆಂದು ನಾವಿಕರ ನಡುವೆ ಪಯಣಿಸಿದ. ಅಲ್ಲಿನ ಸಾರೋಟುಗಳ ಕುದುರೆಗಳೂ ಹುಡುಗರೂ ಅನುಭವಿಸುವ ಹಿಂಸೆಯನ್ನು ತಿಳಿದು ಕಾಲ್ನಡಿಗೆಯಲ್ಲೇ ಉತ್ತರಕ್ಕೆ ಸಾಗಿದ. ಯಾರ್ಕ್ ನಗರದಲ್ಲಿ ಸಿಡುಬು ತಗಲಿ ಆ ವರ್ಷದ ಅಕ್ಟೋಬರ್ 7ರಂದು ತೀರಿಕೊಂಡಾಗ ಆತನಿಗೆ ಇನ್ನೂ 52 ತುಂಬಿರಲಿಲ್ಲ.

ಸಂಪತ್ತಿಲ್ಲ, ದೀರ್ಘಾಯುಷ್ಯವಿಲ್ಲ. ಹಾಗಾದರೆ ನೀತಿವಂತನಿಗೆ ಗ್ರಂಥ ವಾಗ್ದಾನ ಮಾಡಿದ ಭಾಗ್ಯವೆಲ್ಲಿ? ಯೋಬನ ಕಥೆಯೂ ಇದೇ ಪ್ರಶ್ನೆಯನ್ನು ಎತ್ತುತ್ತದೆ. ಮೊದಲನೆಯ ಕೀರ್ತನೆ ನೀತಿವಂತನನ್ನು ನೀರ ಕಾಲುವೆಯ ಬಳಿಯ ಮರಕ್ಕೆ ಹೋಲಿಸುತ್ತದೆ. ಅದು ಫಲ ಕೊಡುವುದು ತಕ್ಕ ಕಾಲದಲ್ಲಿ; ನೆಟ್ಟವನು ಬಯಸಿದಾಗಲ್ಲ. ಸೇಬಿನ ಸಸಿಗಳಿಗೆ ಕಸಿ ಕಟ್ಟುತ್ತಿದ್ದ ವೂಲ್ಮನ್‌ಗೆ ಈ ತಾಳ್ಮೆ ಗೊತ್ತಿದ್ದಿರಬೇಕು. ಆತ ಸತ್ತ ನಾಲ್ಕು ವರ್ಷಕ್ಕೆ, 1776ರಲ್ಲಿ, ಫಿಲಡೆಲ್ಫಿಯಾದ ಕ್ವೇಕರರು ಗುಲಾಮರನ್ನು ಹೊಂದಿರುವುದನ್ನೇ ತಮ್ಮ ಸದಸ್ಯರಿಗೆ ನಿಷೇಧಿಸಿದರು. ಇಡೀ ಅಮೆರಿಕ ಗುಲಾಮಗಿರಿಯನ್ನು ತೊಡೆದುಹಾಕಲು 1865ರವರೆಗೆ ಕಾಯಬೇಕಾಯಿತು.

ಮೂರು ದಶಕಗಳ ಕಾಲ ಸರ್ಕಾರಿ ಕಡತಗಳ ಮೇಲೆ ಟಿಪ್ಪಣಿ ಬರೆದವನು ನಾನು. ಮೇಲಿನವರ ಆದೇಶವಿದೆ, ಕೆಳಗಿನವರು ಪರಿಶೀಲಿಸಿದ್ದಾರೆ ಎಂಬ ಎರಡು ಸಮಾಧಾನಗಳ ನಡುವೆ, ಒಳಗಿನ ಅಳುಕನ್ನು ಅದುಮಿ ಸಹಿ ಹಾಕಿದ ಸಂದರ್ಭಗಳಿವೆ. ವೂಲ್ಮನ್ ಕೂಡ ಮೊದಲ ಸಲ ಬರೆದುಕೊಟ್ಟವನೇ. ಆತ ಆ ಅಳುಕನ್ನು ಮರೆಯಲಿಲ್ಲ. ಮುಂದಿನ ಪತ್ರ ಎದುರಿಗೆ ಬಂದಾಗ ಲೇಖನಿಯನ್ನು ಕೆಳಗಿಟ್ಟ. ನಿವೃತ್ತಿಯ ಬಿಡುವಿನಲ್ಲಿ ಆತನ ದಿನಚರಿಯನ್ನು ಓದುವಾಗ, ನಾನು ಕೆಳಗಿಡಬಹುದಾಗಿದ್ದ ಲೇಖನಿ ನೆನಪಾಗುತ್ತದೆ.